ಘೋರಪಡಿಯ ಮನೆಸಾಲಿ

ಸಂಕಪ್ಪನಿಗೆ ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾದದ್ದು ೧೯೩೪ರ ದೀಪಾವಳಿ ಮುಗಿದ ಮರುವಾರ. ಅವನು ರೈಲ್ವೆಯಲ್ಲಿ ತಾರಮಾಸ್ತರ. ಕಟ್ಟಕಡ ಎಂದು ಬಡಿದು ಊರೂರಿಗೆ ಸುದ್ದಿ ಮುಟ್ಟಿಸುವ ಕೆಲಸ. ವಾರಕ್ಕೊಂದು ಪಾಳಿ: ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದು. ಘೋರಪಡಿಯ ರೈಲ್ವೆ ಚಾಳಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಆ ಎರಡು ಕೋಣೆಗಳಿಗೆ ಅವನು, ಅವನ ಹೆಂಡತಿ ಪ್ರೇಮಾವತಿ, ತಾಯಿ ನಾಗವ್ವ ಮತ್ತು ಮೂರು ಮಕ್ಕಳು ಬಂದು ಸೇರಿದರು. ದೊಡ್ಡವಳು ಸುಲಭಾ, ಹನ್ನೊಂದು ವರ್ಷ. ನಡುವಿನವನು ಯೋನಾ, ಎಂಟು. ಕೊನೆಯವಳು ಕೃಪಾ, ಐದು.

ನಾಗವ್ವನಿಗೆ ಬೆಟಗೇರಿಯಲ್ಲಿ ದೀಕ್ಷಾಸ್ನಾನ ಆದಾಗ ಪಾದ್ರಿಗಳು ಸಾರಾ ಎಂದು ಹೆಸರಿಟ್ಟಿದ್ದರು. ಆ ಹೆಸರು ಹಿಡಿದು ಯಾರಾದರೂ ಕರೆದರೆ ಆಕೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನಿರುತ್ತಿದ್ದಳು. ಹಾಗಾಗಿ ನಾಗವ್ವ ನಾಗವ್ವನಾಗಿಯೇ ಉಳಿದಳು.

ಪ್ರೇಮಾವತಿ ಮಾತ್ರ ಸಾಮಾನ್ಯಳಲ್ಲ. ಹುಬ್ಬಳ್ಳಿಯ ಮಿಶನ್ ಹೆಣ್ಣುಮಕ್ಕಳ ಸಾಲೆಯಲ್ಲಿ ಒಂಬತ್ತು ವರ್ಷ ಮಾಸ್ತರಿಕೆ ಮಾಡಿದವಳು. ಒಂದೇ ಕೋಣೆಯಲ್ಲಿ ನಲವತ್ತೆರಡು ಹುಡುಗಿಯರು. ಅವಳು ಒಳಗೆ ಕಾಲಿಟ್ಟರೆ ತೊಲೆಯ ಮೇಲಿನ ಗುಬ್ಬಿಗಳೂ ಬಾಯಿ ಮುಚ್ಚುತ್ತವೆ ಎಂದು ಊರಲ್ಲಿ ಮಾತಿತ್ತು. ವರ್ಗದ ಕಾಗದ ಬಂದ ದಿನ ಆ ಕೆಲಸ ಬಿಟ್ಟಳು. ಬಿಟ್ಟ ನೋವನ್ನು ಯಾರ ಮುಂದೆಯೂ ಹೇಳಲಿಲ್ಲ. ಪಾತ್ರೆಗಳನ್ನು ಮಾತ್ರ ಎರಡು ದಿನ ಸ್ವಲ್ಪ ಜೋರಾಗಿ ಇಟ್ಟಳು.

ಪುಣೆಗೆ ಬಂದ ನಾಲ್ಕನೆಯ ದಿನ ಮಕ್ಕಳನ್ನು ಹತ್ತಿರದ ಮರಾಠಿ ಸಾಲೆಗೆ ಕರೆದುಕೊಂಡು ಹೋದಳು. ಮಕ್ಕಳಿಗೆ ಮರಾಠಿಯ ಒಂದಕ್ಷರವೂ ಗೊತ್ತಿರಲಿಲ್ಲ. ಪ್ರೇಮಾವತಿಗೆ ಮರಾಠಿಯ ಬಾಳಬೋಧ ಲಿಪಿ ಓದಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸಾಲೆಯವರು ಸುಲಭಾಳನ್ನು ಎರಡು ತರಗತಿ ಕೆಳಗಿಳಿಸಿದರು. ಯೋನಾನನ್ನು ಕೃಪಾಳಷ್ಟು ಎತ್ತರದ ಕೂಸುಗಳ ಜೊತೆ ಕೂರಿಸಿದರು. ಮೂರನೆಯ ದಿನ ಮಧ್ಯಾಹ್ನದ ಸೂಟಿಯಲ್ಲಿ ಯೋನಾ ಪಾಟಿ ಹಿಡಿದು ಮನೆಗೆ ಬಂದ.

"ಯಾಕೋ, ಇಷ್ಟ ಜಲ್ದಿ ಬಿಟ್ರೇನು?" ಎಂದಳು ಪ್ರೇಮಾವತಿ.

"ಅವರು ಬಿಡಲಿಲ್ಲವ್ವ. ನಾನಽ ಬಿಟ್ಟೆ," ಎಂದ ಯೋನಾ. "ನನ್ನ ಬಾಜೂ ಕೂತ ಹುಡುಗ ದಿನಾ ನನ್ನ ಅಂಗಿ ಚೀಪತಾನ."

ಪ್ರೇಮಾವತಿ ಮರುದಿನ ಹೋಗಿ ಸಾಲೆಯ ಹೆಡ್‌ಬಾಯಿಯವರನ್ನು ಕಂಡಳು. ಆ ಹೆಂಗಸಿಗೆ ಇಂಗ್ಲಿಷೂ ಬರುತ್ತಿದ್ದುದರಿಂದ ಇಬ್ಬರೂ ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿದರು. ವರ್ಷದ ನಡುವೆ ಹೀಗೆಯೇ, ಜೂನಿನಲ್ಲಿ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ಮರಾಠಿ ಕಲಿಸಿರಿ, ಪರೀಕ್ಷೆ ಮಾಡಿ ತಕ್ಕ ತರಗತಿ ಕೊಡುತ್ತೇನೆ ಎಂದು ಆಕೆ ಹೇಳಿದರು.

ಆ ಸಂಜೆ ಪ್ರೇಮಾವತಿ ಮನೆಯವರನ್ನೆಲ್ಲ ಕೂರಿಸಿ ಸಾರಿದಳು. "ಜೂನ್ ತನಕ ಇವರಿಗೆ ನಾನಽ ಮನ್ಯಾಗ ಕಲಸತೇನಿ. ಕನ್ನಡ, ಲೆಕ್ಕ, ಭೂಗೋಲ, ಮರಾಠಿ, ಬೈಬಲ್ ವಾಕ್ಯಪಾಠ, ಎಲ್ಲಾ. ನಲವತ್ತೆರಡು ಮಂದೀನ ಸಂಭಾಳಿಸೇನಿ. ಮೂರು ಮಂದಿ ಏನ್ ದೊಡ್ಡ ಮಾತು?"

ಸಂಕಪ್ಪ ತಲೆಯಾಡಿಸಿದ. ನಾಗವ್ವ ಎಲೆ ಅಡಿಕೆ ಅಗಿಯುತ್ತ ಮೂರು ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದಳು.

ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪ್ರೇಮಾವತಿ ವೇಳಾಪತ್ರಿಕೆ ಬರೆದಳು. ಗಂಟೆಗಳೆಲ್ಲ ಕೆಂಪು ಶಾಯಿ, ವಿಷಯಗಳೆಲ್ಲ ನೀಲಿ. ಐದೂವರೆಗೆ ಏಳುವುದು, ಆರಕ್ಕೆ ಕುಟುಂಬ ಪ್ರಾರ್ಥನೆ, ಆರೂವರೆಗೆ ವಾಕ್ಯ ಬಾಯಿಪಾಠ, ಅಲ್ಲಿಂದ ಸಂಜೆ ಐದರವರೆಗೆ ಒಂದು ಗಳಿಗೆಯೂ ಖಾಲಿ ಇಲ್ಲ. ಮೈದಾ ಅಂಟಿನಿಂದ ಅದನ್ನು ಕದಕ್ಕೆ ಹಚ್ಚಿದಳು. ಕ್ಯಾಂಪಿನ ಹಳೆಸಾಮಾನಿನ ಬಜಾರಿನಿಂದ ಒಂದು ಹಿತ್ತಾಳೆ ಗಂಟೆಯನ್ನೂ ತಂದಳು.

ಸಂಕಪ್ಪ ಕದದ ಮುಂದೆ ನಿಂತು ಓದಿದ. "ಛಲೋ ಅದ. ಆದ್ರ ಇದರಾಗ ಊಟ ಮಾಡೋದು ಯಾವಾಗ?"

"ಹನ್ನೆರಡಕ್ಕ. ಅಲ್ಲಿ ಬರದೇನಿ ನೋಡ್ರಿ."

"ಮಾಡೋದು ಅದ. ಅಡಿಗಿ ಆಗೋದು ಯಾವಾಗ?"

ಪ್ರೇಮಾವತಿ ಪತ್ರಿಕೆಯನ್ನು ಮತ್ತೊಮ್ಮೆ ನೋಡಿದಳು. ಅಡಿಗೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಹುಬ್ಬಳ್ಳಿಯ ಸಾಲೆಯಲ್ಲಿ ಅಡಿಗೆ ಇರಲಿಲ್ಲವಲ್ಲ. "ಅದು ನಡನಡುವ ಆಗತದ," ಎಂದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಎಲ್ಲರೂ ಮೊಣಕಾಲೂರಿದರು. ಪ್ರಾರ್ಥನೆ ಮಾಡುವುದು ನಾಗವ್ವನ ಹಕ್ಕು. ಅವಳ ಪ್ರಾರ್ಥನೆಗೆ ಒಂದು ಕ್ರಮವಿತ್ತು. ಮೊದಲು ದೇವರಿಗೆ ಸ್ತೋತ್ರ, ಆಮೇಲೆ ಬೆಟಗೇರಿಯ ಅಣ್ಣ, ಅಣ್ಣನ ಹೆಂಡತಿಯ ಮಂಡಿನೋವು, ಧಾರವಾಡದ ಇಬ್ಬರು ತಂಗಿಯರು, ಅವರ ಒಟ್ಟು ಹನ್ನೊಂದು ಮಕ್ಕಳು ಹೆಸರು ಸಹಿತ, ಮಂಗಳೂರಿಗೆ ಹೋದ ಅಳಿಯ, ಹುಬ್ಬಳ್ಳಿಯ ನೆರೆಮನೆ ತನಿಯಪ್ಪನವರ ಹಾಲು ಕೊಡದ ಎಮ್ಮೆ. ಬೆಟಗೇರಿ ಮುಗಿಯುವ ಹೊತ್ತಿಗೆ ಹೊರಗೆ ಕೊಡಗಳ ಸದ್ದು ಕೇಳಿಸಿತು.

ಚಾಳಿಗೆಲ್ಲ ಇದ್ದದ್ದು ಒಂದೇ ನಳ. ನೀರು ಬರುವುದು ಆರಕ್ಕೆ, ಹೋಗುವುದು ಏಳೂವರೆಗೆ. ಪ್ರೇಮಾವತಿ ಕಣ್ಣು ಮುಚ್ಚಿಕೊಂಡೇ ಹೊರಗಿನ ಸಾಲು ಉದ್ದವಾಗುವುದನ್ನು ಕೇಳಿಸಿಕೊಂಡಳು. ಒಂದು ಕೊಡ, ಎರಡು ಕೊಡ, ಆರು ಕೊಡ. ನಾಗವ್ವ ಧಾರವಾಡದಲ್ಲಿದ್ದಳು. ಪ್ರೇಮಾವತಿ ಮೆಲ್ಲನೆ ಎದ್ದು, ಕಾಲ್ಬೆರಳ ಮೇಲೆ ನಡೆದು, ಎರಡು ಕೊಡ ಎತ್ತಿಕೊಂಡು ಹೊರಗೆ ಓಡಿದಳು. ಹೊಸ್ತಿಲಿಗೆ ಕೊಡ ತಗಲಿ ಠಣ್ ಎಂದಿತು. ನಾಗವ್ವ ಒಂದು ಕಣ್ಣು ತೆರೆದಳು.

"ಕರ್ತನೇ," ಎಂದಳು ಅದೇ ದನಿಯಲ್ಲಿ, "ಪ್ರಾರ್ಥನೀ ನಡುವ ಎದ್ದು ಹೋಗೋರನ್ನೂ ಕ್ಷಮಿಸು."

ಎಂಟಕ್ಕೆ ಪಾಠ ಶುರು. ಪ್ರೇಮಾವತಿ ಕಟ್ಟೆಗೆ ಬಂದು ಹಿತ್ತಾಳೆ ಗಂಟೆ ಬಾರಿಸಿದಳು. ಚಾಳಿನ ಕೊನೆಯ ಮನೆಯಿಂದ ರಂಗೂಬಾಯಿ ಸೆರಗು ತಲೆಗೆಳೆದುಕೊಂಡು ಬೇಗಬೇಗ ಬಂದು ಬಾಗಿಲ ಮುಂದೆ ಕೈಮುಗಿದು ನಿಂತಳು. ಐವತ್ತರ ಆಸುಪಾಸಿನ ವಿಧವೆ. ಗೋಧಡಿ ಹೊಲಿದು ಜೀವನ ಮಾಡುವವಳು. ಮಗ ರೈಲ್ವೆಯಲ್ಲಿ ಖಲಾಶಿ. ಕಿರಿಸ್ತಾನರ ಮನೆಯಲ್ಲಿಯೂ ಆರತಿ ಆಗುತ್ತದೆಂದು ತಿಳಿದು ಅವಳಿಗೆ ಸಂತೋಷವಾಗಿತ್ತು. ಪ್ರಸಾದಕ್ಕೆ ಕೈ ಚಾಚಿದಳು. ಕೃಪಾ ತಾನು ಚೀಪುತ್ತಿದ್ದ ಬೆಲ್ಲದ ಚೂರನ್ನು ಬಾಯಿಯಿಂದ ತೆಗೆದು ಆ ಕೈಯಲ್ಲಿಟ್ಟಳು. ರಂಗೂಬಾಯಿ ಬೆಲ್ಲ ನೋಡಿದಳು, ಕೂಸನ್ನು ನೋಡಿದಳು, ನಕ್ಕುಬಿಟ್ಟಳು. "ಅರೇ ಮೇಲ್ಯಾ!" ಎಂದಳು. ಸತ್ತವನೇ ಎಂಬ ಅರ್ಥದ ಆ ಬೈಗುಳವನ್ನು ಅವಳು ಆಡಿಗೂ ಮಗನಿಗೂ ಪ್ರೀತಿ ಬಂದವರಿಗೂ ಸಿಟ್ಟು ಬಂದವರಿಗೂ, ಗಂಡು ಹೆಣ್ಣು ನೋಡದೆ, ಒಂದೇ ಸಮನೆ ಬಳಸುತ್ತಾಳೆಂದು ಆಮೇಲೆ ತಿಳಿಯಿತು.

ಮೊದಲ ವಾರದಲ್ಲಿ ಕೆಂಪು ಶಾಯಿಯ ಒಂದು ಗಂಟೆಯೂ ನಿಜವಾಗಲಿಲ್ಲ. ಲೆಕ್ಕದ ಹೊತ್ತಿಗೆ ಹಾಲಿನವ ಬಂದ, ಭೂಗೋಲದ ಹೊತ್ತಿಗೆ ಬೇಳೆ ಸೀದಿತು. ಸುಲಭಾಳಿಗೆ ಹೇಳಿಕೊಡುತ್ತಿದ್ದರೆ ಯೋನಾ ಕಿಟಕಿಯಿಂದ ಗಾಡಿಯ ಡಬ್ಬಿ ಎಣಿಸುತ್ತಿದ್ದ. ಯೋನಾನ ಕಡೆ ತಿರುಗಿದರೆ ಕೃಪಾ ಶಾಯಿಯಲ್ಲಿ ಕಾಲು ಅದ್ದಿರುತ್ತಿದ್ದಳು. ಪ್ರೇಮಾವತಿ ಎರಡನೆಯ ವೇಳಾಪತ್ರಿಕೆ ಬರೆದಳು. ಅದರ ಮೇಲೆ ಮೂರನೆಯದು ಅಂಟಿಸಿದಳು. ಕದ ದಪ್ಪಗಾಯಿತು, ಅಷ್ಟೇ.

ಡಿಸೆಂಬರಿನಲ್ಲಿ ಸಂಕಪ್ಪನಿಗೆ ರಾತ್ರಿಪಾಳಿ ಬಂತು. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ಹೊರಕೋಣೆಯಲ್ಲಿ ಚಾದರ ಹೊದ್ದು ಮಲಗುತ್ತಿದ್ದ. ಒಳಕೋಣೆಯಲ್ಲಿ ಸಾಲೆ. ನಡುವೆ ಬರೀ ಒಂದು ಪರದೆ. ಗಟ್ಟಿಯಾಗಿ ಓದುವಂತಿಲ್ಲ, ಗಂಟೆ ಬಾರಿಸುವಂತಿಲ್ಲ. ಯೋನಾ ಪಿಸುದನಿಯಲ್ಲಿ ಮಗ್ಗಿ ಹೇಳಿದ. "ಹದಿನೇಳೇಳ್ಲೆ ನೂರಾ ಹತ್ತೊಂಬತ್ತು. ಹದಿನೇಳೆಂಟ್ಲೆ ನೂರಾ... ನೂರಾ ಮೂವತ್ತೆರಡು."

"ನೂರಾ ಮೂವತ್ತಾರು," ಎಂದಿತು ಪರದೆಯಾಚೆಯ ಚಾದರ.

"ನೀವು ಮಲಕೋರಿ!" ಎಂದಳು ಪ್ರೇಮಾವತಿ.

"ತಪ್ಪು ಕೇಳಿದ್ರ ನಿದ್ದಿ ಹತ್ತೂದಿಲ್ಲ ನನಗ."

ನಾಲ್ಕನೆಯ ದಿನ ಸಂಕಪ್ಪ ಕೆಂಪು ಕಣ್ಣು ಹೊತ್ತು ಮನೆಗೆ ಬಂದು, ತಲೆಗೆ ಕೈಹಚ್ಚಿ ಕೂತ. "ಪ್ರೇಮಾ, ನಿನ್ನೆ ತೂಕಡಿಸಿಕೋತ ಮಿರಜಿಗೆ ತಾರ ಬಡಿಯೂವಾಗ ನಡುವ ನೂರಾ ಮೂವತ್ತಾರು ಅಂತ ಬಡದುಬಿಟ್ಟೇನಿ. ಅಲ್ಲಿಯವ, ಏನು ನೂರಾ ಮೂವತ್ತಾರು, ವ್ಯಾಗನ್ನೋ ಮೂಟಿಯೋ ಅಂತ ತಿರುಗಿ ಕೇಳಿದ. ಏನಂತ ಹೇಳಲಿ?"

ಮಕ್ಕಳು ನಕ್ಕರು. ಪ್ರೇಮಾವತಿ ನಗಲಿಲ್ಲ. ಅಂದು ಮಧ್ಯಾಹ್ನ ಕೃಪಾ ಪಾಟಿ ಒಡೆದಳು. ಪ್ರೇಮಾವತಿ ಕೈ ಎತ್ತಿ ಒಂದು ಕೊಟ್ಟಳು. ನಲವತ್ತೆರಡು ಹುಡುಗಿಯರಲ್ಲಿ ಒಬ್ಬಳಿಗೂ ಅವಳು ಹೊಡೆದವಳಲ್ಲ. ಕೂಸು ಅಳುವ ಮೊದಲೇ ತಾನೇ ಒಲೆಯ ಮುಂದೆ ಹೋಗಿ ಕೂತು ಅತ್ತಳು. ನಾಗವ್ವ ಬಂದು ಬಾಜೂಕ್ಕೆ ಕೂತಳು.

"ಅತ್ತೀ, ನನಗ ಯಾಕ ಆಗವಲ್ಲದು? ಅಷ್ಟು ಮಂದಿಗೆ ಕಲಿಸಿದಾಕಿ, ಹೊಟ್ಟ್ಯಾಗ ಹುಟ್ಟಿದ ಮೂರಕ್ಕ ಕಲಸಲಿಕ್ಕಾಗವಲ್ಲದು."

"ಆ ನಲವತ್ತೆರಡು ಹುಡುಗ್ಯಾರು ಐದಕ್ಕ ತಮ್ಮ ತಮ್ಮ ಮನೀಗೆ ಹೋಗತಿದ್ರು," ಎಂದಳು ನಾಗವ್ವ. "ಬೆಳಿಗ್ಗೆ ಊಟ ಮಾಡಿ, ತಲಿ ಹಿಕ್ಕೊಂಡು ಬರತಿದ್ರು. ಅದನ್ನೆಲ್ಲಾ ಮಾಡಿ ಕಳಸೂ ಅವ್ವಂದಿರು ಬ್ಯಾರೆ ಇದ್ರು. ಇಲ್ಲಿ ಅವ್ವನೂ ನೀನಽ, ಸಾಲಿ ಬಾಯಿನೂ ನೀನಽ. ಇಬ್ಬರ ಕೆಲಸ ಒಬ್ಬಾಕಿ ಮಾಡಿದ್ರ ಒಬ್ಬಾಕಿ ಅಳತಾಳ."

ಮರುದಿನ ಬೆಳಿಗ್ಗೆ ಸಂಕಪ್ಪ ಮಲಗಿದ ಕೂಡಲೇ ನಾಗವ್ವ ಮೂರೂ ಮಕ್ಕಳನ್ನು, ಉಳಿದ ಎರಡು ಪಾಟಿಗಳನ್ನು, ತನ್ನ ಸೂಜಿದಾರದ ಚೀಲವನ್ನು ಎತ್ತಿಕೊಂಡು ಚಾಳಿನ ಕೊನೆಗೆ ಹೊರಟಳು. ರಂಗೂಬಾಯಿಯ ಮನೆ ಮೂಲೆಯದಾದ್ದರಿಂದ ಅದರ ಕಟ್ಟೆ ಉಳಿದವರದಕ್ಕಿಂತ ಎರಡು ಪಟ್ಟು ಅಗಲ. ಅಲ್ಲಿ ಹಳೆ ಸೀರೆಗಳನ್ನು ಹಾಸಿ ಅವಳು ಗೋಧಡಿ ಹೊಲಿಯುತ್ತಿದ್ದಳು. ನಾಗವ್ವ ಎದುರು ಕೂತು ತನ್ನ ಕೌದಿಯ ತುಂಡನ್ನು ಬಿಡಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಾಗವ್ವ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುವವಳು, ರಂಗೂಬಾಯಿ ನೆಟ್ಟಗೆ ಸಾಲು ಹಾಕುವವಳು. ಹೀಗಲ್ಲ ಹೀಗೆ ಎಂದು ಒಬ್ಬರ ಕೈಯಿಂದ ಒಬ್ಬರು ಸೂಜಿ ಕಸಿದುಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ಅರ್ಧ ತಾಸು ಜಗಳಾಡಿ, ಕೊನೆಗೆ ಇಬ್ಬರೂ ಒಂದೇ ಎಲೆ ಅಡಿಕೆ ತಟ್ಟೆಗೆ ಕೈಹಾಕಿದರು. ಮಕ್ಕಳು ಮಗ್ಗಿಯನ್ನು ಬೇಕಾದಷ್ಟು ಗಟ್ಟಿಯಾಗಿ ಕೂಗಿದರು. ಚಾದರ ತಿದ್ದಲಿಲ್ಲ.

ರಾತ್ರಿಪಾಳಿಯ ವಾರ ಮುಗಿದರೂ ಅವರು ಅಲ್ಲಿಗೆ ಹೋಗುವುದು ಮುಗಿಯಲಿಲ್ಲ. ಅಲ್ಲಿ ತೊಂದರೆಯೇ ಇರಲಿಲ್ಲವೆಂದಲ್ಲ. ರಂಗೂಬಾಯಿಯ ಆಡು ಒಂದು ದಿನ ಮರಾಠಿ ಅಂಕಲಿಪಿಯ ಕೊನೆಯ ಹಾಳೆಗಳನ್ನು ತಿಂದುಬಿಟ್ಟಿತು. ಮರಾಠಿಯಲ್ಲಿ ಅಕ್ಷರಗಳು ಮ ಎಂಬಲ್ಲಿಗೆ ಮುಗಿಯುತ್ತವೆಂದು ಕೃಪಾ ಬಹಳ ದಿನ ನಂಬಿದ್ದಳು.

ಜನವರಿಯ ಒಂದು ಬೆಳಿಗ್ಗೆ ಟಪಾಲಿನವ ರಂಗೂಬಾಯಿಗೆ ಒಂದು ಕಾರ್ಡು ಕೊಟ್ಟುಹೋದ. ಅವಳ ಮಗಳು ಅಂಬಾಳನ್ನು ತಳೇಗಾಂವ ದಾಭಾಡೆ ಎಂಬ ಊರಿಗೆ ಕೊಟ್ಟಿತ್ತು. ಅಂಬಾಳಿಗೆ ಬರೆಯಲು ಬಾರದು, ಮೈದುನನಿಂದ ಬರೆಸುತ್ತಿದ್ದಳು. ರಂಗೂಬಾಯಿಗೆ ಓದಲು ಬಾರದು, ಮಗನಿಗೂ ಬಾರದು. ನಾಲ್ಕನೆಯ ಮನೆಯ ಗುಮಾಸ್ತನಿಂದ ಓದಿಸಬೇಕು. ಅವನಿಗೆ ಸೂಟಿ ರವಿವಾರ. ಓದಿದರೂ ಎಷ್ಟು ಜೋರಾಗಿ ಓದುತ್ತಿದ್ದನೆಂದರೆ ಅಂಬಾಳ ಅತ್ತೆ ಏನೆಂದಳು, ಅಂಬಾ ಏನು ತಿಂದಳು ಎಂಬುದೆಲ್ಲ ಇಡೀ ಚಾಳಿಗೆ ಗೊತ್ತಾಗುತ್ತಿತ್ತು. ಅವತ್ತು ಮಂಗಳವಾರ. ರಂಗೂಬಾಯಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ತೆಗೆದು ನೋಡಿದಳು.

ಸುಲಭಾ ಬಗ್ಗಿ ನೋಡಿದಳು. ಅವ್ವ ಕಲಿಸಿದ ಅಕ್ಷರಗಳೇ ಅಲ್ಲಿದ್ದವು. ಬೆರಳಿಟ್ಟು ಒಂದೊಂದೇ ಕೂಡಿಸಿ ಗಟ್ಟಿಯಾಗಿ ಹೇಳಿದಳು. "ಮ-ಲಾ... ಸಾ-ತ-ವಾ... ಮ-ಹಿ-ನಾ..."

ಹಾಗೆಂದರೇನೆಂದು ಸುಲಭಾಳಿಗೆ ಗೊತ್ತಿರಲಿಲ್ಲ. ರಂಗೂಬಾಯಿಯ ಕೈಯಿಂದ ಸೂಜಿ ಬಿತ್ತು.

"ಕಾಯ? ಕಾಯ ಮ್ಹಣಾಲೀಸ?" ಏನಂದೆ ಎಂದು ಅವಳು ಸುಲಭಾಳ ಭುಜ ಹಿಡಿದು ಅಲುಗಿಸಿದಳು.

ಸುಲಭಾ ಹೆದರಿ ಮತ್ತೆ ಓದಿದಳು. ಈ ಸಲ ಬೇಗ ಓದಿದಳು, ಬೇಗ ಓದಿದ್ದರಿಂದ ಅಕ್ಷರಗಳು ಮಾತಿನ ಹಾಗೆ ಕೇಳಿಸಿದವು. ರಂಗೂಬಾಯಿ ಚಪ್ಪಾಳೆ ತಟ್ಟಿದಳು, ಅತ್ತಳು, ಸುಲಭಾಳ ಎರಡೂ ಕೆನ್ನೆ ಹಿಂಡಿ, ತನ್ನ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಉಬ್ಬು ತೋರಿಸಿ, ಏಳು ಬೆರಳು ಎತ್ತಿ, ತನ್ನ ಮನೆಯ ಕಡೆ ಕೈ ಮಾಡಿದಳು. ನಾಗವ್ವನಿಗೆ ಮೊದಲು ತಿಳಿಯಿತು.

"ಏಳು ತಿಂಗಳ ಬಸರಿ!" ಎಂದು ಅವಳೂ ಕೂಗಿದಳು. "ಮೊದಲನೇದು! ಬಾಣಂತನಕ್ಕ ಬರತಾಳಂತ!"

ಗಲಾಟೆ ಕೇಳಿ ಹಿಟ್ಟಿನ ಕೈಯಲ್ಲೇ ಓಡಿಬಂದ ಪ್ರೇಮಾವತಿ ಕಂಡದ್ದು ಇದು: ಸುಲಭಾ ಒಂದೊಂದು ಸಾಲು ಓದುತ್ತಿದ್ದಾಳೆ, ಅದರ ಅರ್ಥ ಅವಳಿಗೆ ತಿಳಿಯದು. ರಂಗೂಬಾಯಿ ಕೇಳಿ ಅಭಿನಯ ಮಾಡಿ ಅರ್ಥ ಹೇಳುತ್ತಿದ್ದಾಳೆ, ಅವಳಿಗೆ ಅಕ್ಷರ ತಿಳಿಯದು. ಯೋನಾ ಆ ಅರ್ಥವನ್ನು ಕನ್ನಡದಲ್ಲಿ ಒದರುತ್ತಿದ್ದಾನೆ. ಅರ್ಧ ತಾಸಿನಲ್ಲಿ ಮಕ್ಕಳಿಗೆ ಮೂವತ್ತು ಮರಾಠಿ ಶಬ್ದ ಬಂದಿದ್ದವು. ತನ್ನ ನೀಲಿ ಶಾಯಿಯ ಎರಡು ತಿಂಗಳಲ್ಲಿ ಅಷ್ಟು ಬಂದಿರಲಿಲ್ಲ.

ಪ್ರೇಮಾವತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಆಮೇಲೆ ನಗು ಬಂತು.

ಮರುದಿನ ರಂಗೂಬಾಯಿಯೇ ಬಂದಳು. ತನಗೂ ಅಕ್ಷರ ಬೇಕು, ಆ ಗುಮಾಸ್ತನ ಬಾಯಿ ಮುಚ್ಚಿಸಬೇಕು ಎಂಬುದು ಅವಳ ಬೇಡಿಕೆ. ಆದರೆ ಒಂದು ಅಳುಕಿತ್ತು. ಕೈಯಾಡಿಸುತ್ತ, "ಮಾಸ್ತರೀಣಬಾಯಿ, ನಿಮ್ಮ ದೇವರ ಪುಸ್ತಕ ಮಾತ್ರ ಬೇಡ," ಎಂದು ಮರಾಠಿಯಲ್ಲಿ ಹೇಳಿದಳು. ಅಷ್ಟು ಪ್ರೇಮಾವತಿಗೆ ತಿಳಿಯಿತು. ಅವಳು ರಂಗೂಬಾಯಿಯ ಸೊಂಟದಲ್ಲಿದ್ದ ಕಾರ್ಡನ್ನು ತೋರಿಸಿ ಹರಕು ಮರಾಠಿಯಲ್ಲಿ, "ಹೇಚ ಪುಸ್ತಕ," ಇದೇ ಪುಸ್ತಕ, ಎಂದಳು. ಒಪ್ಪಂದವಾಯಿತು. ದಿನಾ ಒಂದು ತಾಸು ಸುಲಭಾ ರಂಗೂಬಾಯಿಗೆ ಅಕ್ಷರ ಕೊಡಬೇಕು, ರಂಗೂಬಾಯಿ ಮಕ್ಕಳಿಗೆ ಮಾತು ಕೊಡಬೇಕು.

ಅಂದಿನಿಂದ ಪ್ರೇಮಾವತಿ ಗಡಿಯಾರ ನೋಡುವುದನ್ನು ಕಡಿಮೆ ಮಾಡಿ ಮನೆಯನ್ನು ನೋಡತೊಡಗಿದಳು. ಮನೆಯಲ್ಲಿ ಯಾರು ಏನು ಹೇಳಿದರೂ ತಪ್ಪದೆ ಆಗುವುದು ಯಾವುದು? ನಳ ಬರುತ್ತದೆ. ಒಲೆ ಉರಿಯುತ್ತದೆ. ಅತ್ತೆ ಪ್ರಾರ್ಥನೆ ಮಾಡುತ್ತಾಳೆ. ಗಂಡ ನಿದ್ದೆ ಮಾಡುತ್ತಾನೆ. ಇವನ್ನು ಸರಿಸಲು ಆಗದು. ಪಾಠವನ್ನೇ ಇವುಗಳ ಸಂದಿಯಲ್ಲಿ ತೂರಿಸಬೇಕು.

ಮೊದಲ ಮಾತು ಅತ್ತೆಯ ಜೊತೆ ಆಡಬೇಕಿತ್ತು. ಅದಕ್ಕೆ ಅವಳು ಮೂರು ದಿನ ಧೈರ್ಯ ಕೂಡಿಸಿದಳು.

"ಅತ್ತೀ, ಪ್ರಾರ್ಥನೀ ನಳದ ನಂತರ ಇಟಗೊಂಡ್ರ ಹ್ಯಾಂಗ?"

"ದೇವರು ನಳಕ್ಕ ಕಾಯಬೇಕೇನು?"

"ದೇವರು ಇಡೀ ದಿವಸ ಇರತಾನ್ರಿ. ನಳ ಇರೋದು ಒಂದೂವರಿ ತಾಸು."

ನಾಗವ್ವ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟಳು. "ಮಾತು ಖರೇ ಅದ," ಎಂದಳು. "ಆದ್ರ ಇದನ್ನ ಪಾದ್ರಿಯವರ ಮುಂದ ಹೇಳಬ್ಯಾಡ."

ಒಪ್ಪಿದವಳು ಇನ್ನೊಂದು ಹೆಜ್ಜೆ ತಾನೇ ಮುಂದಿಟ್ಟಳು. ಎಲ್ಲ ನೆಂಟರನ್ನೂ ದಿನಾ ನೆನೆದರೆ ಹೊತ್ತಾಗುತ್ತದೆ, ಊರಿಗೊಂದು ದಿನ ಮಾಡುತ್ತೇನೆ ಎಂದಳು. ಸೋಮವಾರ ಬೆಟಗೇರಿ, ಮಂಗಳವಾರ ಧಾರವಾಡ, ಬುಧವಾರ ಹುಬ್ಬಳ್ಳಿ, ಗುರುವಾರ ಮಂಗಳೂರು. ಆಮೆನ್ ಆದ ಮೇಲೆ ಯೋನಾ ಪಾಟಿಯ ಮೇಲೆ ಅಂದಿನ ಊರನ್ನು ಗುರುತಿಸಿ, ಅಲ್ಲಿಗೆ ರೈಲು ಹೇಗೆ ಹೋಗುತ್ತದೆ, ನಡುವೆ ಯಾವ ಹೊಳೆ ಬರುತ್ತದೆ ಎಂದು ಗೆರೆ ಎಳೆಯಬೇಕು. ಹೊಳೆಯ ಹೆಸರು ಅಜ್ಜಿಗೆ ಗೊತ್ತಿರುತ್ತಿತ್ತು, ರೈಲಿನದು ಅಪ್ಪನಿಗೆ. ಭೂಗೋಲಕ್ಕೆ ಬೇರೆ ಹೊತ್ತು ಬೇಕಾಗಲಿಲ್ಲ. ಹುಬ್ಬಳ್ಳಿಯ ಎಮ್ಮೆ ಹಾಲು ಕೊಡತೊಡಗಿದೆಯೆಂದು ಕಾಗದ ಬಂದ ವಾರ ಅದಕ್ಕೆ ಸ್ತೋತ್ರವೂ ಆಯಿತು.

ಮಗ್ಗಿ ನಳದ ಸಾಲಿನಲ್ಲಿ ನಡೆಯಿತು. ಮುಂದೆ ಎಷ್ಟು ಕೊಡಗಳಿವೆಯೋ ಅಷ್ಟರ ಮಗ್ಗಿ. ಹದಿನೇಳು ಕೊಡವಿದ್ದ ದಿನ ಯೋನಾ ಜಾಗ ಬಿಟ್ಟು ಹಿಂದೆ ಸರಿದು ಹದಿನೆಂಟು ಮಾಡಿಕೊಳ್ಳಲು ನೋಡಿದ. ಹದಿನೆಂಟು ಇನ್ನೂ ಕಷ್ಟವೆಂದು ತಿಳಿದು ಓಡಿಬಂದಾಗ ಮುಂದಿನವರು ಬಿಡಲಿಲ್ಲ. ಅಡಿಗೆ ಆಗುವಾಗ ಸುಲಭಾ ಒಲೆಯ ಹತ್ತಿರ ಕೂತು ಕನ್ನಡ ಓದಿ ಹೇಳುತ್ತಿದ್ದಳು, ಪ್ರೇಮಾವತಿ ರೊಟ್ಟಿ ಬಡಿಯುತ್ತ ತಿದ್ದುತ್ತಿದ್ದಳು. ತಪ್ಪಾದರೆ ರೊಟ್ಟಿಯ ಸದ್ದು ನಿಲ್ಲುತ್ತಿತ್ತು, ಸುಲಭಾ ತಾನೇ ಹಿಂದಿನ ಸಾಲಿಗೆ ಹೋಗುತ್ತಿದ್ದಳು. ಆಮೇಲೆ ರಂಗೂಬಾಯಿಯ ಕಟ್ಟೆ. ಊಟವಾದ ಮೇಲೆ ಎರಡು ತಾಸು ಎಲ್ಲರೂ ಬಾಯಿ ಮುಚ್ಚಿ ಬರೆಯುವುದು. ಮನೆಯಲ್ಲಿ ಯಾರಾದರೂ ಮಲಗಿದ್ದರೂ ಸರಿ, ಇಲ್ಲದಿದ್ದರೂ ಸರಿ. ಆ ಎರಡು ತಾಸಿನಲ್ಲಿ ಪ್ರೇಮಾವತಿ ಗೋಡೆಗೊರಗಿ ತಾನೂ ಕಣ್ಣು ಮುಚ್ಚುತ್ತಿದ್ದಳು. ಹುಬ್ಬಳ್ಳಿಯಲ್ಲಿದ್ದಾಗ ಹಗಲು ಮಲಗುವ ಹೆಂಗಸರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಎಲ್ಲ ದಿನವೂ ಹೀಗೇ ಸಾಗಿತೆಂದು ಹೇಳಿದರೆ ಸುಳ್ಳಾದೀತು. ಕೃಪಾಳಿಗೆ ಗೊಬ್ಬರ, ಅಂದರೆ ದಡಾರ, ಎದ್ದಾಗ ಹತ್ತು ದಿನ ಪುಸ್ತಕ ಯಾರೂ ಮುಟ್ಟಲಿಲ್ಲ. ಮಾರ್ಚಿನಲ್ಲಿ ಅಂಬಾ ಹೆತ್ತಳು, ಗಂಡುಕೂಸು. ಆ ವಾರ ಮೂವರೂ ಮಕ್ಕಳು ಕಟ್ಟೆಯಲ್ಲಿ ಕಾವಲು ಕೂತು, ಒಳಗೆ ಹೋಗಿ ಬರುವ ಸೂಲಗಿತ್ತಿಯನ್ನು ಮರಾಠಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಬೇಸರ ಬರಿಸಿದರು. "ಸಾಲಿ ಎಲ್ಲಿ ಹೋತು?" ಎಂದು ಸಂಕಪ್ಪ ಕೇಳಿದ.

"ಮರಾಠಿ ನಡದದ," ಎಂದಳು ಪ್ರೇಮಾವತಿ.

ಜೂನ್ ಬಂತು. ಮಕ್ಕಳಿಗೆ ಒಗೆದ ಬಟ್ಟೆ ಹಾಕಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಪ್ರೇಮಾವತಿ ಹೆಡ್‌ಬಾಯಿಯವರ ಮುಂದೆ ನಿಂತಳು. ಪರೀಕ್ಷೆ ಮಕ್ಕಳದಲ್ಲ, ತನ್ನದು ಎಂದು ಅವಳಿಗೆ ಗೊತ್ತಿತ್ತು.

ಸುಲಭಾ ಮರಾಠಿ ಪುಸ್ತಕವನ್ನು ಸರಾಗವಾಗಿ ಓದಿದಳು, ಅರ್ಥ ಹೇಳಿದಳು, ಲೆಕ್ಕ ಬಿಡಿಸಿದಳು. ಹೆಡ್‌ಬಾಯಿಯವರು ಮೆಚ್ಚಿ, ಯಾರಿಂದ ಕಲಿತೆ ಎಂದು ಮರಾಠಿಯಲ್ಲಿ ಕೇಳಿದರು. "ರಂಗೂಮಾವಶಿಯಿಂದ. ಅವಳಿಗೆ ನಾನು ಓದಲು ಕಲಿಸಿದೆ," ಎಂದು ಸುಲಭಾ ಮರಾಠಿಯಲ್ಲೇ ಹೇಳಿದಳು. ಹೆಡ್‌ಬಾಯಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಆಮೇಲೆ ಯೋನಾ. ಲೆಕ್ಕದಲ್ಲಿ ಅವನನ್ನು ಹಿಡಿಯುವವರಿಲ್ಲ. ಹದಿನೆಂಟರ ಮಗ್ಗಿಯನ್ನೂ ಹೇಳಿದ. ನಕಾಶೆಯಲ್ಲಿ ಪುಣೆಯಿಂದ ಧಾರವಾಡದ ತನಕ ಸ್ಟೇಶನ್ನುಗಳನ್ನು ಒದರಿದ. ಅಷ್ಟರಲ್ಲಿ ಸಾಲೆಯ ಸಿಪಾಯಿ ನೀರಿನ ಲೋಟ ತಂದವನು ಎಡವಿ ಯೋನಾನ ಹೊಸ ಅಂಗಿಯ ಮೇಲೆ ಚೆಲ್ಲಿದ.

"ಅರೇ ಮೇಲ್ಯಾ!" ಎಂದ ಯೋನಾ, ರಂಗೂಬಾಯಿಯದೇ ದನಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು. "ಡೋಳೇ ಫುಟಲೇ ಕಾಯ ತುಝೇ?" ನಿನ್ನ ಕಣ್ಣು ಒಡೆದಿವೆಯೇ ಎಂದು.

ಸಿಪಾಯಿ ಬಾಯಿ ತೆರೆದು ನಿಂತ. ಪ್ರೇಮಾವತಿಗೆ ನೆಲ ಬಿರಿಯಬಾರದೇ ಎನಿಸಿತು. ಹೆಡ್‌ಬಾಯಿಯವರು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಬಹಳ ಹೊತ್ತಿನ ಮೇಲೆ ಈ ಕಡೆ ತಿರುಗಿ, ಗಂಭೀರ ಮುಖ ಮಾಡಿ, "ಹುಡುಗಿಯನ್ನು ಐದನೆಯ ಇಯತ್ತೆಗೆ ತೆಗೆದುಕೊಳ್ಳುತ್ತೇನೆ, ಅವಳ ವಯಸ್ಸಿನವರ ಜೊತೆಗೇ. ಹುಡುಗನ ಲೆಕ್ಕ ನಾಲ್ಕನೆಯದರದು. ಆದರೆ ಇವನ ಮರಾಠಿಯನ್ನು ಸ್ವಲ್ಪ ತೊಳೆದು ತನ್ನಿ. ದೀಪಾವಳಿಯ ತನಕ ಮನೆಯಲ್ಲೇ ಇರಲಿ, ಸಣ್ಣವಳೂ ಇವನ ಜೊತೆಗಿರಲಿ," ಎಂದರು.

ಬಾಗಿಲ ತನಕ ಕಳಿಸಲು ಬಂದಾಗ ಕೇಳಿದರು, "ದಿನಕ್ಕೆ ಎಷ್ಟು ತಾಸು ಕಲಿಸುತ್ತಿದ್ದಿರಿ?"

ಪ್ರೇಮಾವತಿ ಬೆರಳು ಮಡಚಿ ಎಣಿಸಲು ನೋಡಿದಳು. ಲೆಕ್ಕ ಸಿಗಲಿಲ್ಲ. "ಗೊತ್ತಿಲ್ಲ ಬಾಯಿ," ಎಂದಳು ಸಂಕೋಚದಿಂದ.

ಮರಾಠಿ ತೊಳೆಯಬೇಕಂತೆ ಎಂಬ ಮಾತು ರಂಗೂಬಾಯಿಗೆ ಯಾರೂ ಹೇಳಬಾರದೆಂದು ದಾರಿಯಲ್ಲೇ ಮೂವರಿಂದಲೂ ಮಾತು ತೆಗೆದುಕೊಂಡಳು. ಕೃಪಾ ಚಾಳಿನ ಒಳಗೆ ಕಾಲಿಟ್ಟ ಕೂಡಲೇ ಓಡಿಹೋಗಿ ಹೇಳಿದಳು. ರಂಗೂಬಾಯಿ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಹೆಡ್‌ಬಾಯಿ, ಹೆಡ್‌ಬಾಯಿಯ ತಾಯಿ, ಆ ಸಾಲೆಯ ಹಂಚು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮೇಲ್ಯಾ ಮಾಡಿದಳು. ಯೋನಾ ಹೊಸ ಶಬ್ದಗಳು ಬಂದಾವೆಂದು ಹತ್ತಿರ ಸರಿದು ಕೂತ. ಪ್ರೇಮಾವತಿ ಅವನ ಕಿವಿ ಹಿಡಿದು ಎಬ್ಬಿಸಿಕೊಂಡು ಬಂದಳು.

ಸೋಮವಾರ ಸಣ್ಣಗೆ ಮಳೆ ಹಿಡಿದಿತ್ತು. ಪ್ರೇಮಾವತಿ ಸುಲಭಾಳನ್ನು ಛತ್ರಿಯಲ್ಲಿ ಸಾಲೆಯ ತನಕ ಬಿಟ್ಟಳು. ಗೇಟಿನಲ್ಲಿ ಸುಲಭಾ ಛತ್ರಿಯಿಂದ ಹೊರಗೆ ಹಾರಿ, ಎರಡು ಜಡೆಯ ಒಬ್ಬ ಹುಡುಗಿಯ ಜೊತೆ ಮಾತಾಡುತ್ತ ಒಳಗೆ ಓಡಿದಳು. ಹಿಂತಿರುಗಿ ನೋಡಲಿಲ್ಲ. ಪ್ರೇಮಾವತಿ ಅಲ್ಲೇ ನಿಂತಳು. ಒಳಗೆ ಯಾರೋ ಹಾಜರಿ ಕೂಗುತ್ತಿದ್ದರು. ನಲವತ್ತರ ಹತ್ತಿರ ಹೆಸರುಗಳಿದ್ದವು. ಪೂರ್ತಿ ಕೇಳಿಸಿಕೊಂಡೇ ಅವಳು ಹೊರಟಳು.

ಮನೆಯಲ್ಲಿ ಯೋನಾ, ಕೃಪಾ ಇಬ್ಬರೂ ಕಾಯುತ್ತಿದ್ದರು. ಮಧ್ಯಾಹ್ನಪಾಳಿಯ ಸಂಕಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದ.

"ಅವ್ವಾ, ಅಕ್ಕ ಇಲ್ಲ. ಒಲೀ ಮುಂದ ಇವತ್ತು ಯಾರು ಓದಬೇಕು?" ಎಂದ ಯೋನಾ.

"ನೀನಽ ಓದು."

"ರೊಟ್ಟಿ ಸದ್ದಿನಾಗ ನನಗ ಅಷ್ಟು ಜೋರಾಗಿ ಓದಾಕ ಬರೂದಿಲ್ಲ."

"ಸಣ್ಣಗ ಓದು. ನಾನು ರೊಟ್ಟಿ ಸಣ್ಣಗ ಬಡೀತೇನಿ," ಎಂದು ಪ್ರೇಮಾವತಿ ಒದ್ದೆ ಸೆರಗು ಹಿಂಡಿ, ಹಿಟ್ಟಿನ ಡಬ್ಬಿಗೆ ಕೈಹಾಕಿದಳು.